ಪರಿಸರ ಮತ್ತು ಇಂಧನ ಅರ್ಥಶಾಸ್ತ್ರ: ಕರ್ನಾಟಕ ಹಾಗೂ ಮೇಲಣ ಕೃಷ್ಣಾ ಕಣಿವೆ

ಪರಿಸರ ಮತ್ತು ಇಂಧನ ಅರ್ಥಶಾಸ್ತ್ರವು ನೀರು, ಅರಣ್ಯ, ಮಣ್ಣು, ಗಾಳಿ ಮೊದಲಾದ ನಿಸರ್ಗ ಸಂಪತ್ತು ಹಾಗೂ ಸೌದೆ, ಕಲ್ಲಿದ್ದಲು, ವಿದ್ಯುತ್ತು ಮೊದಲಾದ ಇಂಧನಗಳ ಬಳಕೆ, ಬೆಲೆ, ಹಂಚಿಕೆ ಮತ್ತು ಸವೆತವನ್ನು ಅಭ್ಯಸಿಸುವ ಅರ್ಥಶಾಸ್ತ್ರದ ಶಾಖೆ. ಪಠ್ಯಕ್ರಮಗಳಲ್ಲಿ ಪರಿಸರ ಅರ್ಥಶಾಸ್ತ್ರ ಮತ್ತು ಇಂಧನ ಅರ್ಥಶಾಸ್ತ್ರ ಬೇರೆ ಬೇರೆ ಪತ್ರಿಕೆಗಳು. ದಖನ್ನಿನಲ್ಲಿ, ಅದರಲ್ಲೂ ಸಾಂಗ್ಲಿ–ಮಿರಜದಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದವರೆಗಿನ ಕೃಷ್ಣಾ ಕಣಿವೆಯಲ್ಲಿ, ಈ ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಇಲ್ಲಿ ಹೊಲಕ್ಕೆ ಹಾಯುವ ನೀರಿನ ದೊಡ್ಡ ಪಾಲು ಪಂಪಿನಿಂದ ಮೇಲೆತ್ತಿದ್ದು. ನೀರಿನ ಬೆಲೆ ಎಂದರೆ ಬಹುಮಟ್ಟಿಗೆ ವಿದ್ಯುತ್ತಿನ ಬೆಲೆ. ಈ ಲೇಖನ ಆ ಪ್ರದೇಶದಲ್ಲಿ ಮತ್ತು ಕರ್ನಾಟಕದ ಉಳಿದೆಡೆಗಳಲ್ಲಿ ಶಾಸ್ತ್ರ ಬೆಳೆದ ಬಗೆ, ಅದರ ಸಂಶೋಧನೆ ಮತ್ತು ಬೋಧನೆಗಳಿಗೆ ಸೀಮಿತವಾಗಿದೆ.

ಮೂಲ

ಇಂಧನ ಮುಗಿದುಹೋಗುವ ಪ್ರಶ್ನೆಯನ್ನು ಅರ್ಥಶಾಸ್ತ್ರದ ಚೌಕಟ್ಟಿನಲ್ಲಿಟ್ಟವರಲ್ಲಿ ಮೊದಲಿಗ ಬ್ರಿಟನ್ನಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್; ಕಲ್ಲಿದ್ದಲನ್ನು ಕುರಿತ ಆತನ ಗ್ರಂಥ 1865ರದು. ಯಂತ್ರದ ದಕ್ಷತೆ ಹೆಚ್ಚಿದರೆ ಇಂಧನದ ಒಟ್ಟು ಬಳಕೆ ಇಳಿಯುವ ಬದಲು ಏರಬಹುದು ಎಂಬ ಆತನ ಮಾತಿಗೆ ಹನಿ ನೀರಾವರಿಯ ಇಂದಿನ ಚರ್ಚೆಗಳಲ್ಲೂ ಜಾಗವಿದೆ. 1920ರಲ್ಲಿ ಎ. ಸಿ. ಪಿಗೂ ಒಬ್ಬನ ಉತ್ಪಾದನೆಯಿಂದ ಇನ್ನೊಬ್ಬನಿಗೆ ತಟ್ಟುವ, ಮಾರುಕಟ್ಟೆಯ ಲೆಕ್ಕಕ್ಕೆ ಸಿಗದ ನಷ್ಟವನ್ನು ತೆರಿಗೆಯಿಂದ ಸರಿದೂಗಿಸಬಹುದೆಂದು ವಾದಿಸಿದ. ರೊನಾಲ್ಡ್ ಕೋಸ್ 1960ರ ಪ್ರಬಂಧದಲ್ಲಿ, ಹಕ್ಕು ಯಾರದೆಂದು ಸ್ಪಷ್ಟವಿದ್ದು ಮಾತುಕತೆಯ ಖರ್ಚು ಅಲ್ಪವಾಗಿದ್ದರೆ ಇಬ್ಬರೂ ಕೂತು ಬಗೆಹರಿಸಿಕೊಳ್ಳಬಲ್ಲರು ಎಂದ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಊರೊಟ್ಟಿನ ಹುಲ್ಲುಗಾವಲು ಹಾಳಾಗುವುದು ಅನಿವಾರ್ಯ ಎಂದು ಬರೆದ. ಅದು ಅನಿವಾರ್ಯವಲ್ಲವೆಂದು ಹಲವು ದೇಶಗಳ ನಿದರ್ಶನಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಂ 2009ರಲ್ಲಿ ನೊಬೆಲ್ ಪುರಸ್ಕಾರ ಪಡೆದಳು.

ಭಾರತದಲ್ಲಿ ಈ ಶಾಖೆ ಬೇರೊಂದು ಬಾಗಿಲಿನಿಂದ ಒಳಬಂತು. ಮಾಲಿನ್ಯಕ್ಕಿಂತ ಮೊದಲು ಇಲ್ಲಿನ ಅರ್ಥಶಾಸ್ತ್ರಜ್ಞರು ಕೈಗೆತ್ತಿಕೊಂಡದ್ದು ನೀರಾವರಿಯನ್ನು. ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯಿಂದ (ಸ್ಥಾಪನೆ 1930) ಡಿ. ಆರ್. ಗಾಡಗೀಳರು 1948ರಲ್ಲಿ ಪ್ರಕಟಿಸಿದ, ಗೋದಾವರಿ ಮತ್ತು ಪ್ರವರಾ ಕಾಲುವೆಗಳ ನೇರ ಹಾಗೂ ಪರೋಕ್ಷ ಲಾಭಗಳ ಸಮೀಕ್ಷೆ ಈ ಬಗೆಯ ಆರಂಭದ ದೊಡ್ಡ ಕೆಲಸ. ಕಾಲುವೆಯ ಲಾಭವನ್ನು ಸರ್ಕಾರಕ್ಕೆ ಬರುವ ನೀರಿನ ಕರದಿಂದಲ್ಲ, ಊರಿನ ಒಟ್ಟು ಬದುಕಿನಲ್ಲಿ ಆಗುವ ಬದಲಾವಣೆಯಿಂದ ಅಳೆಯಬೇಕೆಂಬ ನಿಲುವು ಅದರದು. 1979ರಲ್ಲಿ ಮಹಾರಾಷ್ಟ್ರದಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್, ದೇಶಮುಖ್ ಮತ್ತು ದೇವುಸ್ಕರ್ ಅವರಿದ್ದ ಸಮಿತಿ, ವರ್ಷವಿಡೀ ನಿಲ್ಲುವ ಕಬ್ಬಿಗೆ ಬದಲು ಎಂಟು ತಿಂಗಳ ಬೆಳೆಗಳಿಗೆ ಕಾಲುವೆ ನೀರು ಹಂಚುವ ವಿಚಾರವನ್ನು ಪರಿಶೀಲಿಸಿತು. ಇದೇ ನೀರನ್ನು ಜೋಳ, ಶೇಂಗಾ, ಗೋಧಿಗೆ ಹರಿಸಿದರೆ ಎಷ್ಟು ಎಕರೆಗೆ ಸಾಕು, ಎಷ್ಟು ಮನೆಗಳಿಗೆ ಮುಟ್ಟುತ್ತದೆ ಎಂಬ ಪ್ರಶ್ನೆ ಅಂದಿನಿಂದ ಈ ಭಾಗದ ಸಂಶೋಧನೆಯನ್ನು ಬಿಟ್ಟಿಲ್ಲ.

ಪರಿಭಾಷೆ

ಬಾಹ್ಯತೆ: ಒಬ್ಬನ ವ್ಯವಹಾರದಿಂದ ಅದರಲ್ಲಿ ಪಾಲಿಲ್ಲದ ಇನ್ನೊಬ್ಬನಿಗಾಗುವ, ಬೆಲೆಯಲ್ಲಿ ಕಾಣದ ನಷ್ಟ ಅಥವಾ ಲಾಭ. ಪಕ್ಕದ ಹೊಲದಲ್ಲಿ ಹೊಸ ಕೊಳವೆಬಾವಿ ಕೊರೆದಾಗ ಹಳೆಯದರ ನೀರು ಇಳಿಯುವುದು ಇದಕ್ಕೆ ನೇರ ನಿದರ್ಶನ.

ಅವಕಾಶ ವೆಚ್ಚ: ಒಂದು ವಸ್ತುವನ್ನು ಒಂದು ಕೆಲಸಕ್ಕೆ ಬಳಸಿದ್ದರಿಂದ ಕೈಬಿಟ್ಟುಹೋದ, ಮುಂದಿನ ಅತ್ಯುತ್ತಮ ಬಳಕೆಯ ಲಾಭ. ಮಹಾರಾಷ್ಟ್ರದ ಕೊಯ್ನಾ ಜಲಾಶಯದ ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಘಟ್ಟದ ಕೆಳಗೆ ಬೀಳಿಸಿದರೆ ವಿದ್ಯುತ್ತು. ಪೂರ್ವಕ್ಕೆ ನದಿಗೆ ಬಿಟ್ಟರೆ ಕುಡಿಯುವುದಕ್ಕೂ ಬೆಳೆಗೂ ನೀರು. ಒಂದರ ಲಾಭ ಇನ್ನೊಂದರ ಅವಕಾಶ ವೆಚ್ಚ.

ಸೀಮಾಂತ ವೆಚ್ಚ: ಇನ್ನೊಂದೇ ಒಂದು ಘಟಕವನ್ನು ಉತ್ಪಾದಿಸಲು ಅಥವಾ ಬಳಸಲು ತಗಲುವ ಹೆಚ್ಚುವರಿ ಖರ್ಚು. ಪಂಪಿನ ಅಶ್ವಶಕ್ತಿಯ ಮೇಲೆ ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುವ ರೈತನಿಗೆ ಇನ್ನೊಂದು ತಾಸು ಪಂಪು ಓಡಿಸುವ ಸೀಮಾಂತ ವೆಚ್ಚ ಸೊನ್ನೆ.

ಸಾಮುದಾಯಿಕ ಸಂಪತ್ತು: ಒಬ್ಬನ ಸ್ವತ್ತಲ್ಲದ, ಆದರೆ ಗೊತ್ತಾದ ಒಂದು ಸಮುದಾಯ ನಿಯಮಕ್ಕೊಳಪಟ್ಟು ಬಳಸುವ ಗೋಮಾಳ, ಕೆರೆ, ಸೊಪ್ಪಿನಬೆಟ್ಟ ಮುಂತಾದವು. ನಿಯಮವೇ ಇಲ್ಲದೆ ಎಲ್ಲರಿಗೂ ತೆರೆದಿರುವ ಸಂಪತ್ತು ಇದರಿಂದ ಬೇರೆ. ಹಾರ್ಡಿನ್ ಹೇಳಿದ್ದು ಆ ಎರಡನೆಯದಕ್ಕೆ ಮಾತ್ರ ಹೊಂದುತ್ತದೆ.

ಬೇರು ಬಿಟ್ಟ ಸಂಸ್ಥೆಗಳು

ವಿ. ಕೆ. ಆರ್. ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಕರ್ನಾಟಕದಲ್ಲಿ ಈ ಶಾಖೆಯ ಮುಖ್ಯ ನೆಲೆ. ಪರಿಸರ ಅರ್ಥಶಾಸ್ತ್ರ ಮತ್ತು ನಿಸರ್ಗ ಸಂಪನ್ಮೂಲಗಳಿಗಾಗಿ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ಪಶ್ಚಿಮಘಟ್ಟದ ಜೀವವೈವಿಧ್ಯದ ಆರ್ಥಿಕ ಮೌಲ್ಯವನ್ನು ಕುರಿತ ಕೆ. ಎನ್. ನೈನಾನ್ ಮತ್ತು ಸಂಗಡಿಗರ ಗ್ರಂಥ (2007) ಈ ಸಂಸ್ಥೆಯ ಕೆಲಸ. ಕಾಡನ್ನು ಉಳಿಸಿದ ಲಾಭ ಜಗತ್ತಿಗೆ, ಅದರ ಖರ್ಚು ಕಾಡಂಚಿನವರಿಗೆ ಎಂಬ ಹಂಚಿಕೆಯ ಏರುಪೇರು ಅದರ ಚರ್ಚೆಯ ಭಾಗ.

ಧಾರವಾಡದಲ್ಲಿ ಪಿ. ಆರ್. ಪಂಚಮುಖಿಯವರು ಸ್ಥಾಪಿಸಿದ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ ಉತ್ತರ ಕರ್ನಾಟಕದ ಪ್ರಶ್ನೆಗಳಿಗೆ ಹತ್ತಿರವಾದದ್ದು. ಗೋಪಾಲ ಕಡೇಕೋಡಿಯವರು ದೆಹಲಿಯ ಆರ್ಥಿಕ ಬೆಳವಣಿಗೆ ಸಂಸ್ಥೆಯಲ್ಲಿ ಕೆಲಸ ಮಾಡಿ, ಮುಂದೆ ಧಾರವಾಡದ ಈ ಕೇಂದ್ರದಲ್ಲೂ ಐಸೆಕ್‌ನಲ್ಲೂ ನಿರ್ದೇಶಕರಾಗಿದ್ದರು. ಕಾಂಚನ್ ಚೋಪ್ರಾ ಮತ್ತು ಎಂ. ಎನ್. ಮೂರ್ತಿ ಅವರೊಡನೆ 1990ರಲ್ಲಿ ಅವರು ಪ್ರಕಟಿಸಿದ ಗ್ರಂಥ ಜನರ ಪಾಲುಗಾರಿಕೆ ಮತ್ತು ಸಾಮುದಾಯಿಕ ಸಂಪತ್ತನ್ನು ಕುರಿತದ್ದು. 2004ರಲ್ಲಿ ಅವರು ಸಂಪಾದಿಸಿದ, ಭಾರತದ ನಿದರ್ಶನಗಳ ಸಂಪುಟವು ಪಾಠಕ್ಕೆ ಒದಗುವ ಪುಸ್ತಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ. ಜಿ. ಚಂದ್ರಕಾಂತ್ ಅಂತರ್ಜಲದ ಅರ್ಥಶಾಸ್ತ್ರವನ್ನೇ ಒಂದು ಪರಂಪರೆಯಾಗಿ ಬೆಳೆಸಿದರು. 1996ರಲ್ಲಿ ಆರಂಭವಾದ ಬೆಂಗಳೂರಿನ ಏಟ್ರೀ ಸಂಸ್ಥೆ ಪರಿಸರ ವಿಜ್ಞಾನಿಗಳನ್ನೂ ಸಮಾಜ ವಿಜ್ಞಾನಿಗಳನ್ನೂ ಒಂದೇ ಸೂರಿನಡಿ ತಂದಿತು.

ದೇಶದ ಮಟ್ಟದಲ್ಲಿ ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ (1987) ಮತ್ತು ಮದ್ರಾಸ್ ಅರ್ಥಶಾಸ್ತ್ರ ಶಾಲೆ ಈ ಶಾಖೆಯ ಇತರ ಕೇಂದ್ರಗಳು. ವಿಶ್ವಬ್ಯಾಂಕಿನ ನೆರವಿನ ತರಬೇತಿ ಕಾರ್ಯಕ್ರಮ, ಪರಿಸರ ಅರ್ಥಶಾಸ್ತ್ರದ ಭಾರತೀಯ ಸಂಘ, ಕಠ್ಮಂಡುವಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಜಾಲ ಇವೆಲ್ಲ 1990ರ ದಶಕದ ಕೊನೆಯ ಬೆಳೆಗಳು. ಕಾಲೇಜು ಅಧ್ಯಾಪಕರು ಈ ವಿಷಯದಲ್ಲಿ ಪಳಗಿದ್ದು ಹೆಚ್ಚಾಗಿ ಇವುಗಳ ಮೂಲಕ.

ಇಂಧನ ಶಾಖೆ: ಅಮೂಲ್ಯ ರೆಡ್ಡಿ ಮತ್ತು ಪುರ

ಕರ್ನಾಟಕದ ಇಂಧನ ಅರ್ಥಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಅರ್ಥಶಾಸ್ತ್ರಜ್ಞರಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ರಸಾಯನ ವಿಜ್ಞಾನಿ ಅಮೂಲ್ಯಕುಮಾರ ಎನ್. ರೆಡ್ಡಿ (1930–2006) 1974ರಲ್ಲಿ ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಒಯ್ಯುವ ‘ಅಸ್ತ್ರ’ ಕೇಂದ್ರವನ್ನು ಆರಂಭಿಸಿದರು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೊದಲ ಕಾರ್ಯದರ್ಶಿಯೂ ಅವರೇ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ‘ಅಸ್ತ್ರ’ದ ವಿಸ್ತರಣಾ ಕೇಂದ್ರವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸೌದೆಯನ್ನು ತೂಗಿ, ಹೆಂಗಸರು ಮಕ್ಕಳು ಸೌದೆ ನೀರಿಗಾಗಿ ನಡೆಯುವ ಹೊತ್ತನ್ನು ಅಳೆದು, ಎತ್ತು ಮನುಷ್ಯರ ದುಡಿಮೆಯನ್ನೂ ಶಕ್ತಿಯ ಲೆಕ್ಕಕ್ಕೆ ತಂದ ಸಮೀಕ್ಷೆ ಅಲ್ಲಿ ನಡೆಯಿತು. ಸರ್ಕಾರಿ ಅಂಕಿಅಂಶಗಳಲ್ಲಿ ಇಂಧನವೆಂದರೆ ಕಲ್ಲಿದ್ದಲು, ತೈಲ, ವಿದ್ಯುತ್ತು. ಹಳ್ಳಿಯ ಲೆಕ್ಕದಲ್ಲಿ ಸಿಂಹಪಾಲು ಅಡುಗೆ ಒಲೆಯ ಸೌದೆಯದು ಎಂದು ಸಮೀಕ್ಷೆ ತೋರಿಸಿತು. ‘ಅಸ್ತ್ರ ಒಲೆ’ ಈ ತಿಳಿವಳಿಕೆಯ ಫಲ.

ಅದೇ ತಾಲ್ಲೂಕಿನ ಪುರ ಎಂಬ ಊರಿನ ಪ್ರಯೋಗ ಅರ್ಥಶಾಸ್ತ್ರದ ಪಾಠಗಳಲ್ಲಿ ಉಳಿದುಕೊಂಡಿದೆ. ಊರಿನ ಸಗಣಿಯಿಂದ ಸಾಮುದಾಯಿಕ ಜೈವಿಕ ಅನಿಲ ಸ್ಥಾವರ ನಡೆಸಿ ಅಡುಗೆಗೆ ಅನಿಲ ಕೊಡುವುದು ಮೊದಲ ಯೋಜನೆ. ಎಲ್ಲ ಒಲೆಗಳಿಗಾಗುವಷ್ಟು ಸಗಣಿ ಸಿಗಲಿಲ್ಲ, ಯೋಜನೆ ನಿಂತಿತು. ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂದು ತಿಳಿದ ಮೇಲೆ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ವಿದ್ಯುತ್ ದೀಪವನ್ನು ಮನೆಗಳಿಗೂ ಕೊಡಲಾಯಿತು. 1987ರಿಂದ ಸುಮಾರು ಒಂದು ದಶಕ ಈ ವ್ಯವಸ್ಥೆ ನಡೆಯಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಸ್ಥಾವರ ನಿಂತರೆ ನಲ್ಲಿ ನಿಲ್ಲುತ್ತಿತ್ತು. ಹಾರ್ಡಿನ್ನನ ವಾದಕ್ಕೆ ಉತ್ತರವಾಗಿ ರೆಡ್ಡಿ ಪುರದ ಅನುಭವವನ್ನು ಪ್ರಬಂಧರೂಪದಲ್ಲಿ ಮಂಡಿಸಿದರು. ಒಬ್ಬೊಬ್ಬನ ಹಿತವೂ ಊರಿನ ಹಿತವೂ ಒಂದೇ ನಲ್ಲಿಗೆ ಕಟ್ಟಿಬಿದ್ದಾಗ ಸಾಮುದಾಯಿಕ ಸಂಪತ್ತು ಹಾಳಾಗುವುದಿಲ್ಲ ಎಂಬುದು ಅದರ ತಿರುಳು.

ರೆಡ್ಡಿಯವರ ಎರಡನೆಯ ಕೊಡುಗೆ ವಿದ್ಯುತ್ ಯೋಜನೆಯ ವಿಧಾನ. 1987ರಲ್ಲಿ ರಾಜ್ಯಕ್ಕಾಗಿ ಸಿದ್ಧವಾದ ದೀರ್ಘಾವಧಿ ಯೋಜನೆ ಹಿಂದಿನ ಬೇಡಿಕೆಯ ಏರಿಕೆಯನ್ನೇ 2000ದವರೆಗೆ ಎಳೆದು, ಅಷ್ಟಕ್ಕೆ ತಕ್ಕ ವಿದ್ಯುತ್ ಸ್ಥಾವರಗಳ ಪಟ್ಟಿ ಕೊಟ್ಟಿತ್ತು. ರೆಡ್ಡಿ, ಗ್ಲಾಡಿಸ್ ಸುಮಿತ್ರಾ, ಪಿ. ಬಾಲಚಂದ್ರ ಮತ್ತು ಆಂಟನೆಟ್ ಡಿಸಾ 1991ರಲ್ಲಿ ಇದನ್ನು ತಿರುಗುಮುರುಗು ಮಾಡಿದರು. ಜನರಿಗೆ ಬೇಕಾದದ್ದು ಯುನಿಟ್ಟುಗಳಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಪ್ರತಿ ಸೇವೆಗೂ ಅತಿ ಅಗ್ಗದ ದಾರಿ ಯಾವುದೆಂದು ಲೆಕ್ಕ ಹಾಕಿ, ದಕ್ಷ ಪಂಪು, ದಕ್ಷ ದೀಪ, ಸೌರ ನೀರು ಕಾಯಿಸುವ ಯಂತ್ರ, ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ತು ಇವನ್ನು ಮೊದಲಿಗೆ ತಂದರೆ, ಬೇಕಾಗುವ ವಿದ್ಯುತ್ತು ಅಧಿಕೃತ ಅಂದಾಜಿನ ಅರ್ಧಕ್ಕೂ ಕಡಿಮೆ ಎಂದು ತೋರಿಸಿದರು. ಡಿಫೆಂಡಸ್ ಎಂದು ಹೆಸರಾದ ಈ ವಿಧಾನವನ್ನು ಹೋಲುವ ಕನಿಷ್ಠ ವೆಚ್ಚದ ಲೆಕ್ಕವನ್ನು ಮುಂದೆ ಪುಣೆಯ ಪ್ರಯಾಸ್ ಸಂಸ್ಥೆಯ ಗಿರೀಶ್ ಸಂತ್ ಮತ್ತು ಶಂತನು ದೀಕ್ಷಿತ್ ಮಹಾರಾಷ್ಟ್ರಕ್ಕೂ ಮಾಡಿದರು. ಜೋಸೆ ಗೋಲ್ಡೆಂಬರ್ಗ್, ಥಾಮಸ್ ಜೋಹಾನ್ಸನ್, ರಾಬರ್ಟ್ ವಿಲಿಯಮ್ಸ್ ಅವರೊಡನೆ ರೆಡ್ಡಿ ಬರೆದ ಜಾಗತಿಕ ಇಂಧನ ಗ್ರಂಥಕ್ಕೂ ಇದೇ ತಳಹದಿ. ನಾಲ್ವರಿಗೂ ಒಟ್ಟಾಗಿ 2000ದ ವೋಲ್ವೊ ಪರಿಸರ ಪ್ರಶಸ್ತಿ ಬಂತು.

ನೀರು ಮತ್ತು ವಿದ್ಯುತ್ತು: ಸಾಂಗ್ಲಿ–ಮಿರಜ

ಸಾಂಗ್ಲಿ, ಮಿರಜ ಮತ್ತು ಅವಕ್ಕೆ ಹೊಂದಿಕೊಂಡ ಮಾಧವನಗರ, ಹರಿಪುರ ಮೊದಲಾದ ಊರುಗಳು ಕೃಷ್ಣೆಯ ದಂಡೆಯ ಆಸುಪಾಸಿನವು. ಹರಿಪುರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಕೂಡುತ್ತದೆ. ಮಾಧವನಗರ ಪುಣೆ–ಮಿರಜ ರೈಲುಹಾದಿಯ ನಿಲ್ದಾಣ. ಅದೇ ಹಾದಿಯಲ್ಲಿ ಉತ್ತರಕ್ಕೆ ಕಿರ್ಲೋಸ್ಕರವಾಡಿ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ನೆಲೆಗೊಳಿಸಿದ ಈ ಕಾರ್ಖಾನೆಯೂರು ಕಬ್ಬಿಣದ ನೇಗಿಲಿನಿಂದ ಆರಂಭಿಸಿ ಪಂಪಿಗೆ ಹೆಸರಾಯಿತು. ಕಣಿವೆಯ ಆರ್ಥಿಕ ಚರಿತ್ರೆಗೆ ಇದು ಆಕಸ್ಮಿಕ ವಿವರವಲ್ಲ. ಕೃಷ್ಣೆಯ ಪಾತ್ರ ಹೊಲಗಳಿಗಿಂತ ಕೆಳಗಿದೆ; ಕಬ್ಬು ಹರಡಿದ್ದು ಪಂಪು ಹೋದಲ್ಲೆಲ್ಲ.

ಸಾಂಗ್ಲಿ ಜಿಲ್ಲೆಯ ಪಶ್ಚಿಮ ಭಾಗಕ್ಕೆ ನೀರು ಹೆಚ್ಚು, ಪೂರ್ವದ ಜತ್ತ, ಆಟಪಾಡಿ, ಕವಠೆ ಮಹಾಂಕಾಳ ತಾಲ್ಲೂಕುಗಳಿಗೆ ಇಲ್ಲ. ನದಿಯಂಚಿನ ಕಪ್ಪು ನೆಲದಲ್ಲಿ ವರ್ಷಗಟ್ಟಲೆ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದ್ದರಿಂದ ಭೂಮಿ ಸವಳು-ಜವಳಾಗಿದೆ. ನೀರು ಬಸಿಯದೆ, ಉಪ್ಪು ಮೇಲೆ ಬಂದು, ಬೆಳೆ ಕುಂಠಿತವಾಗುವ ಈ ಸ್ಥಿತಿ ಗಡಿಯಾಚೆಯ ಕಾಗವಾಡ, ಅಥಣಿ, ರಾಯಬಾಗ ಕಡೆಗಳಲ್ಲೂ ಇದೆ. ಇದನ್ನು ಸರಿಪಡಿಸಲು ನೆಲದಡಿಯಲ್ಲಿ ತೂತುಕೊಳವೆ ಹಾಕಿ ನೀರು ಬಸಿಯಬೇಕು. ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಒಬ್ಬಂಟಿಯಾಗಿ ಈ ಕೆಲಸ ಸಾಗದು. ಬಾಹ್ಯತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ಹುಡುಕಬೇಕಿಲ್ಲ.

ಪೂರ್ವದ ಬರಪೀಡಿತ ತಾಲ್ಲೂಕುಗಳಿಗಾಗಿ ಟೆಂಭು, ತಾಕಾರಿ ಮತ್ತು ಮ್ಹೈಸಾಳ ಏತ ನೀರಾವರಿ ಯೋಜನೆಗಳನ್ನು ರೂಪಿಸಲಾಯಿತು. 1996ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ ಇವನ್ನು ನಡೆಸುತ್ತದೆ. ಮ್ಹೈಸಾಳ ಕರ್ನಾಟಕದ ಗಡಿಗೆ ತಾಗಿದ ಊರು. ಅಲ್ಲಿ ಎತ್ತಿದ ನೀರು ಹಂತಹಂತವಾಗಿ ಮೇಲೇರಿ ಪೂರ್ವಕ್ಕೆ ಹೋಗುತ್ತದೆ. ಇಲ್ಲಿ ಅರ್ಥಶಾಸ್ತ್ರಜ್ಞನ ಲೆಕ್ಕ ಭೌತಶಾಸ್ತ್ರದಿಂದ ಶುರುವಾಗುತ್ತದೆ. ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು, ಯಾವ ಸೋರಿಕೆಯೂ ಇಲ್ಲದಿದ್ದರೆ, 0.27 ಯುನಿಟ್ ವಿದ್ಯುತ್ತು ಬೇಕು. ಪಂಪು, ಮೋಟಾರು, ಕೊಳವೆ ಸೇರಿ ದಕ್ಷತೆ ಶೇ. 60 ಎಂದು ಹಿಡಿದರೆ 0.45 ಯುನಿಟ್. ಒಂದು ಹೆಕ್ಟೇರ್ ಕಬ್ಬಿಗೆ ಒಂದು ಬೆಳೆಯಲ್ಲಿ 20,000 ಘನ ಮೀಟರ್ ಹರಿಸಬೇಕು ಎಂದುಕೊಂಡರೆ ವಿದ್ಯುತ್ತಿನ ಲೆಕ್ಕ ಸುಮಾರು 9,000 ಯುನಿಟ್. ಇಳುವರಿ 100 ಟನ್ ಆದರೆ, ಟನ್ ಕಬ್ಬಿನ ಹಿಂದೆ 90 ಯುನಿಟ್.

ಈ ಅಂಕಿಯನ್ನು ಕಾರ್ಖಾನೆಯ ಅಂಕಿಯ ಪಕ್ಕದಲ್ಲಿಡಬೇಕು. ಕಬ್ಬು ನುರಿಸಿದ ಮೇಲೆ ಅದರ ತೂಕದ ಸುಮಾರು ಶೇ. 30ರಷ್ಟು ಒದ್ದೆ ಸಿಪ್ಪೆ ಉಳಿಯುತ್ತದೆ. ಅದನ್ನು ಹೆಚ್ಚು ಒತ್ತಡದ ಬಾಯ್ಲರಿನಲ್ಲಿ ಉರಿಸಿದರೆ, ತನ್ನ ಅಗತ್ಯ ಕಳೆದು, ಕಾರ್ಖಾನೆ ಜಾಲಕ್ಕೆ ಮಾರಬಲ್ಲ ವಿದ್ಯುತ್ತು ಟನ್ ಕಬ್ಬಿಗೆ 100 ಯುನಿಟ್ಟಿನ ಆಸುಪಾಸು. ಸಿಪ್ಪೆಯ ವಿದ್ಯುತ್ತನ್ನು ಹಸಿರು ವಿದ್ಯುತ್ತೆಂದು ಎಣಿಸುವಾಗ, ಎತ್ತರದ ಹೊಲಗಳಲ್ಲಿ ಅದರ ಬಹುಪಾಲು ಅದೇ ಕಬ್ಬಿಗೆ ನೀರೆತ್ತುವುದರಲ್ಲೇ ಮುಗಿದಿರುತ್ತದೆ ಎಂಬುದು ಕಾರ್ಖಾನೆಯ ಗೇಟಿನೊಳಗಿನ ಲೆಕ್ಕದಲ್ಲಿ ಕಾಣುವುದಿಲ್ಲ. ನದಿಯ ದಂಡೆಯಲ್ಲೇ ಇರುವ, ಹತ್ತಿಪ್ಪತ್ತು ಮೀಟರ್ ಮಾತ್ರ ನೀರೆತ್ತುವ ಹೊಲಕ್ಕೆ ಲೆಕ್ಕ ಬೇರೆ. ಎತ್ತರವೇ ಇಲ್ಲಿ ನಿರ್ಣಾಯಕ.

ಏತ ನೀರಾವರಿಯ ವಿದ್ಯುತ್ ಬಿಲ್ಲು ಯಾರ ತಲೆಗೆ ಎಂಬುದು ದಶಕಗಳ ಜಗಳ. ಬಿಲ್ಲು ಬಾಕಿ ಉಳಿದು ಪಂಪು ನಿಂತ ಬೇಸಿಗೆಗಳಿವೆ. 2010ರ ದಶಕದ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ಬಿಲ್ಲಿನ ಶೇ. 81ನ್ನು ತಾನು ಭರಿಸಿ, ಶೇ. 19ನ್ನು ಮಾತ್ರ ರೈತರಿಂದ ವಸೂಲು ಮಾಡುವ ಸೂತ್ರಕ್ಕೆ ಬಂತು. ಮ್ಹೈಸಾಳದ ಪಂಪುಗಳಿಗೆ ಸೌರ ವಿದ್ಯುತ್ತು ಒದಗಿಸಲು ಜರ್ಮನಿಯ ಕೆಎಫ್‌ಡಬ್ಲ್ಯೂ ಬ್ಯಾಂಕಿನ ಸಾಲದ ಯೋಜನೆ ಹುಟ್ಟಿದ್ದೂ ಈ ಬಿಲ್ಲಿನ ಭಾರದಿಂದಲೇ.

ನೀರು ಬಂದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆಗೆ ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕು ಬೇರೆಯೇ ಉತ್ತರ ಕೊಟ್ಟಿತು. ಮುಕ್ತಿ ಸಂಘರ್ಷ ಚಳವಳಿಯ ಬೆಂಬಲದಲ್ಲಿ ಬಲವಡಿ ಮತ್ತು ತಾಂದುಳವಾಡಿಯ ಜನ 1980ರ ದಶಕದಲ್ಲಿ ಯೇರಳಾ ನದಿಗೆ ಬಳಿರಾಜಾ ಒಡ್ಡನ್ನು ಕಟ್ಟಿದರು. ಹಣ ಕೂಡಿಸಲು ನದಿಯ ಮರಳಿನ ಒಂದು ಪಾಲನ್ನು ತಾವೇ ಮಾರಿದರು. ಒಡ್ಡಿನ ನೀರಿನಲ್ಲಿ ಭೂಮಿಯಿಲ್ಲದವರಿಗೂ ಪಾಲು; ಕಬ್ಬಿಗೆ ಅವಕಾಶವಿಲ್ಲ. ಎಂಜಿನಿಯರ್ ಕೆ. ಆರ್. ದಾತೆ ಇದರ ಹಿಂದಿನ ತಾಂತ್ರಿಕ ಚಿಂತಕರಲ್ಲೊಬ್ಬರು. ಹೊಲದ ಜೀವರಾಶಿಯನ್ನೇ ಇಂಧನವಾಗಿಯೂ ಕೈಗಾರಿಕೆಯ ಕಚ್ಚಾವಸ್ತುವಾಗಿಯೂ ಕಾಣುವ ಅವರ ಬರವಣಿಗೆ ನೀರು ಮತ್ತು ಶಕ್ತಿ ಎರಡನ್ನೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕುತ್ತದೆ.

ಜತ್ತದ ಗಡಿಭಾಗದ ಹಳ್ಳಿಗಳಲ್ಲಿ ಕನ್ನಡ ಮನೆಮಾತು. 2022ರ ನವೆಂಬರ್–ಡಿಸೆಂಬರ್‌ನಲ್ಲಿ ಈ ಹಳ್ಳಿಗಳ ನೀರಿನ ಕೊರತೆಯೇ ಎರಡು ರಾಜ್ಯಗಳ ಗಡಿವಾದವನ್ನು ಮತ್ತೆ ಕೆದಕಿತು. ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಆಗ ಗಡಿ ದಾಟಿ ಜತ್ತದ ಕಡೆಗೆ ಹರಿಯಿತು. ಮಹಾರಾಷ್ಟ್ರ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಚುರುಕು ಕೊಟ್ಟಿತು. ಜತ್ತಕ್ಕೆ ಕರ್ನಾಟಕದ ನೀರು, ಅದಕ್ಕೆ ಬದಲು ಬೇಸಿಗೆಯಲ್ಲಿ ಉತ್ತರ ಕರ್ನಾಟಕಕ್ಕೆ ಕೊಯ್ನಾ ನೀರು ಎಂಬ ವಿನಿಮಯದ ಮಾತುಕತೆಗಳೂ ನಡೆದಿವೆ. ಕೋಸ್ ಹೇಳಿದ ಚೌಕಾಸಿಗೆ ಇದು ಒಪ್ಪುವ ಸಂದರ್ಭ; ಆದರೆ ಕೊಯ್ನಾ ನೀರಿಗೆ 1,960 ಮೆಗಾವ್ಯಾಟ್ ಸ್ಥಾವರದ ಅವಕಾಶ ವೆಚ್ಚ ಅಂಟಿಕೊಂಡಿದೆ, ಪಶ್ಚಿಮಕ್ಕೆ ತಿರುಗಿಸುವ ನೀರಿಗೆ ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯ ಮಿತಿಯೂ ಇದೆ. 2005, 2019 ಮತ್ತು 2021ರ ಪ್ರವಾಹಗಳ ನಂತರ ಕರ್ನಾಟಕದ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮೇಲಿನ ಕಣಿವೆಯಲ್ಲಿ ನೆರೆ ಹೆಚ್ಚುತ್ತದೆ ಎಂಬ ವಾದವೂ ಈ ಲೆಕ್ಕಕ್ಕೆ ಸೇರಿತು. ಕೆಳಗಿನವರ ಸಂಗ್ರಹ ಮೇಲಿನವರ ಅಪಾಯವೇ ಎಂಬುದು ಜಲವಿಜ್ಞಾನದ ಪ್ರಶ್ನೆ. ಹೌದಾದರೆ ಆ ಅಪಾಯಕ್ಕೆ ಬೆಲೆ ಎಷ್ಟು ಎಂಬುದು ಮಾತ್ರ ಅರ್ಥಶಾಸ್ತ್ರದ್ದು.

ಅಂತರ್ಜಲ ಮತ್ತು ಕ್ಷೇತ್ರಕಾರ್ಯ

ಕರ್ನಾಟಕದ ಪೂರ್ವದ ಒಣಜಿಲ್ಲೆಗಳ ಗಟ್ಟಿಬಂಡೆಯ ನೆಲದಲ್ಲಿ ಬಾವಿ ವಿಫಲವಾಗುವುದು ಸಾಮಾನ್ಯ. ಚಂದ್ರಕಾಂತ್ ಮತ್ತು ಅವರ ವಿದ್ಯಾರ್ಥಿಗಳ ವಿಧಾನ, ನೀರು ಕೊಟ್ಟ ಬಾವಿಯ ಖರ್ಚಿಗೆ ಕೈಕೊಟ್ಟ ಬಾವಿಗಳ ಖರ್ಚನ್ನೂ ಸೇರಿಸಿ, ಬಾವಿಯ ಆಯುಷ್ಯದ ಮೇಲೆ ಹಂಚಿ, ಎಕರೆ-ಇಂಚು ನೀರಿನ ನಿಜವಾದ ವೆಚ್ಚ ಕಾಣುವುದು. ಮೂರು ಕೊರೆದು ಒಂದರಲ್ಲಿ ನೀರು ಬಂದರೆ ಮೂರರ ಖರ್ಚೂ ಆ ಒಂದರ ನೀರಿನ ಮೇಲೆ ಬೀಳುತ್ತದೆ. ಹೀಗೆ ನೋಡಿದಾಗ, ವಿದ್ಯುತ್ತು ಪುಕ್ಕಟೆಯಾದರೂ ನೀರು ಪುಕ್ಕಟೆಯಲ್ಲ.

ಇಂಥ ಸಮೀಕ್ಷೆಗೆ ಹೋಗುವ ವಿದ್ಯಾರ್ಥಿ ಮೊದಲು ಕಲಿಯುವುದು ರೈತನ ಅಳತೆಗಳನ್ನು. ಆಳ ಅಡಿಗಳಲ್ಲಿ, ನೀರು ಇಂಚುಗಳಲ್ಲಿ (‘ಒಂದೂವರೆ ಇಂಚು ನೀರಿದೆ’), ಪಂಪು ಎಚ್‌ಪಿಯಲ್ಲಿ, ವಿದ್ಯುತ್ತು ತ್ರೀ ಫೇಸ್ ಕೊಟ್ಟ ತಾಸುಗಳಲ್ಲಿ, ಅದೂ ರಾತ್ರಿ ಪಾಳಿಯೋ ಹಗಲು ಪಾಳಿಯೋ ಎಂಬುದರೊಂದಿಗೆ. ಇವನ್ನು ಲೀಟರಿಗೂ ಯುನಿಟ್ಟಿಗೂ ತಿರುಗಿಸುವುದರಲ್ಲಿ ತಪ್ಪು ನುಸುಳಿದರೆ ಮುಂದಿನ ಸಂಖ್ಯಾಶಾಸ್ತ್ರ ಎಷ್ಟು ನಯವಾಗಿದ್ದರೂ ಪ್ರಯೋಜನವಿಲ್ಲ. ಪಂಪುಸೆಟ್ಟುಗಳಿಗೆ ಮೀಟರಿಲ್ಲದಿರುವುದು ಇನ್ನೊಂದು ತೊಡಕು. ಮಹಾರಾಷ್ಟ್ರದಲ್ಲಿ 2000ದ ಸುಮಾರಿಗೆ ವಿದ್ಯುತ್ ನಿಯಂತ್ರಣ ಆಯೋಗದ ವಿಚಾರಣೆಯಲ್ಲಿ, ರೈತರ ಲೆಕ್ಕಕ್ಕೆ ಬರೆದಿದ್ದ ಬಳಕೆಯ ಒಂದು ಭಾಗ ವಾಸ್ತವದಲ್ಲಿ ಸೋರಿಕೆ ಮತ್ತು ಕಳವು ಎಂದು ಬಯಲಾಗಿ, ವಿದ್ಯುತ್ ಮಂಡಳಿಯ ನಷ್ಟದ ಪ್ರಮಾಣ, ಅದು ಹೇಳುತ್ತಿದ್ದುದನ್ನು ದಾಟಿ, ಶೇ. 30ನ್ನು ಮೀರಿತು.

ಅರಣ್ಯ ಮತ್ತು ಗಣಿ

ಅರಣ್ಯದ ಅರ್ಥಶಾಸ್ತ್ರದಲ್ಲಿ ಮೇಲಿಂದ ಮೇಲೆ ಉಲ್ಲೇಖಗೊಳ್ಳುವುದು ಉತ್ತರ ಕನ್ನಡದ ಬಿದಿರು. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರು ಒದಗಿಸಲಾಯಿತು. ಬುಟ್ಟಿ ಹೆಣೆಯುವವರು ಕೊಡುತ್ತಿದ್ದ ಮಾರುಕಟ್ಟೆ ಬೆಲೆ ಅದರ ನೂರಾರು ಪಟ್ಟು. ಬಿದಿರು ಮುಗಿದದ್ದಕ್ಕೆ ದನ ಮತ್ತು ಹಳ್ಳಿಗರು ಕಾರಣವೆಂಬ ನಂಬಿಕೆಯನ್ನು ಪರಿಸರ ವಿಜ್ಞಾನಿ ಮಾಧವ ಗಾಡಗೀಳ್ ಮತ್ತು ಸಂಗಡಿಗರು ಕ್ಷೇತ್ರ ಅಧ್ಯಯನದಿಂದ ಪ್ರಶ್ನಿಸಿದರು. ಬೆಲೆ ಸೊನ್ನೆಯ ಹತ್ತಿರವಿದ್ದಾಗ ಉಳಿಸುವ ಕಾರಣವೇ ಇರುವುದಿಲ್ಲ. ಎನ್. ಎಸ್. ಜೋಧಾ 1986ರಲ್ಲಿ ಪ್ರಕಟಿಸಿದ, ಕರ್ನಾಟಕವೂ ಸೇರಿದ ಏಳು ರಾಜ್ಯಗಳ ಒಣಪ್ರದೇಶಗಳ ಅಧ್ಯಯನ ಬಡವರ ಆದಾಯದಲ್ಲಿ ಗೋಮಾಳ ಕಾವಲುಗಳ ಪಾಲನ್ನು ಅಳೆಯಿತು.

ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಾಗ ಕಟ್ಟಬೇಕಾದ ನಿವ್ವಳ ವರ್ತಮಾನ ಮೌಲ್ಯವನ್ನು ಕಾಂಚನ್ ಚೋಪ್ರಾ ಸಮಿತಿಯ 2006ರ ವರದಿಯ ನಂತರ ಪರಿಷ್ಕರಿಸಲಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರಗಳು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಬಳ್ಳಾರಿ ಸೀಮೆಯ ಗಣಿಗಳ ಮೇಲಿನ ಸುಪ್ರೀಂ ಕೋರ್ಟಿನ 2011ರ ಆದೇಶಗಳ ಬಳಿಕ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಗಮ ಬಂತು.

ಬೋಧನೆ

ಪದವಿ ಮಟ್ಟದಲ್ಲಿ ಪರಿಸರ ಅಧ್ಯಯನ ಕಡ್ಡಾಯವಾದದ್ದು ಸುಪ್ರೀಂ ಕೋರ್ಟಿನ ನಿರ್ದೇಶನಗಳಿಂದ. ಅದರಲ್ಲಿ ಅರ್ಥಶಾಸ್ತ್ರದ ಪಾಲು ತೀರ ಕಡಿಮೆ. ಶಾಖೆಯ ನಿಜವಾದ ಪಾಠ ಶುರುವಾಗುವುದು ಎಂ.ಎ. ಅರ್ಥಶಾಸ್ತ್ರದ ಐಚ್ಛಿಕ ಪತ್ರಿಕೆಯಲ್ಲಿ ಮತ್ತು ಕೃಷಿ ಅರ್ಥಶಾಸ್ತ್ರದ ಎಂ.ಎಸ್ಸಿ.ಯಲ್ಲಿ. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ಎರಡನೆಯದಕ್ಕೆ ಮುಖ್ಯ ಕೇಂದ್ರಗಳು, ಪಿಎಚ್.ಡಿ.ಗೆ ಐಸೆಕ್. ಸಾಂಗ್ಲಿ–ಮಿರಜದ ನಡುವಿನ ವಿಲಿಂಗ್ಡನ್ ಕಾಲೇಜು (1919) 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂತು. ಗಡಿಯ ಈಚೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ (1949) ಮತ್ತು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ (2010) ಇವೆ. ಒಂದೇ ನದಿಯನ್ನು ಎರಡು ಪಠ್ಯಕ್ರಮಗಳು ಎರಡು ಭಾಷೆಗಳಲ್ಲಿ ಕಲಿಸುತ್ತವೆ.

ಕನ್ನಡ ಮಾಧ್ಯಮದಲ್ಲಿ ಬಿ.ಎ. ವಿದ್ಯಾರ್ಥಿಗಳಿಗಾಗಿ ಪರಿಸರ ಅರ್ಥಶಾಸ್ತ್ರದ ಪಠ್ಯಗಳು ಬಂದಿವೆ. ಅವುಗಳ ಕೊರತೆ ನಿದರ್ಶನಗಳಲ್ಲಿದೆ: ಸಿದ್ಧಾಂತಕ್ಕೆ ಇಂದಿಗೂ ಪಿಗೂ ಕಾಲದ ಕಾರ್ಖಾನೆಯ ಹೊಗೆಯೇ ಉದಾಹರಣೆಯಾಗಿ ನಿಂತಿದೆ. ಇಂಧನ ಅರ್ಥಶಾಸ್ತ್ರವಂತೂ ಕನ್ನಡ ಪಠ್ಯಗಳಲ್ಲಿ ಒಂದು ಅಧ್ಯಾಯ ದಾಟುವುದು ಅಪರೂಪ.

ಉಪಯೋಗ

ಶಾಖೆಯ ಸಂಶೋಧನೆ ನೀತಿಗೆ ತಲುಪುವ ಮುಖ್ಯ ದಾರಿ ನಿಯಂತ್ರಣ ಆಯೋಗಗಳು. ಎರಡೂ ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳು 1999ರವು. ದರ ಏರಿಸುವ ಮುನ್ನ ಅವು ಸಾರ್ವಜನಿಕ ವಿಚಾರಣೆ ನಡೆಸುತ್ತವೆ. ನೀರಿಗೂ ಇಂಥದೊಂದು ಪ್ರಾಧಿಕಾರವನ್ನು ಮಹಾರಾಷ್ಟ್ರ 2005ರ ಕಾಯ್ದೆಯಿಂದ ಸ್ಥಾಪಿಸಿತು. ನಗರಗಳ ನೀರಿನ ದರ ನಿಗದಿಯೂ ಇದೇ ಶಾಸ್ತ್ರದ ಕ್ಷೇತ್ರ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ, ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಿ. ಶೇ. 70 ದಕ್ಷತೆಯ ಲೆಕ್ಕದಲ್ಲಿ ಸಾವಿರ ಲೀಟರಿಗೆ ಸುಮಾರು 2 ಯುನಿಟ್ ಬೇಕು. ಹಾಗಾಗಿ ನಲ್ಲಿಯ ಸೋರಿಕೆ ನೀರಿನ ನಷ್ಟವಷ್ಟೇ ಅಲ್ಲ, ವಿದ್ಯುತ್ತಿನ ನಷ್ಟ ಕೂಡ.

ಈಗಿನ ಸ್ಥಿತಿ

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತ, ಮಹಾರಾಷ್ಟ್ರದಲ್ಲಿ 7.5 ಎಚ್‌ಪಿವರೆಗೆ 2024ರಿಂದ. ಸೀಮಾಂತ ವೆಚ್ಚ ಸೊನ್ನೆಯಾದಾಗ ಪಂಪನ್ನು ತಡೆಯುವುದು ಬೆಲೆಯಲ್ಲ, ವಿದ್ಯುತ್ತು ಕೊಡುವ ತಾಸುಗಳ ಮಿತಿ. ಕರ್ನಾಟಕದ ನಿರಂತರ ಜ್ಯೋತಿಯಂಥ ಯೋಜನೆಗಳಲ್ಲಿ ಹಳ್ಳಿಯ ಮನೆಗಳ ಫೀಡರನ್ನೂ ಪಂಪುಗಳ ಫೀಡರನ್ನೂ ಬೇರ್ಪಡಿಸಿದ್ದು ಈ ಮಿತಿಯನ್ನು ಹಾಕಲಿಕ್ಕೆ.

ಸೌರ ವಿದ್ಯುತ್ತು ಹಳೆಯ ಪ್ರಶ್ನೆಗಳನ್ನು ಹೊಸ ರೂಪದಲ್ಲಿ ತಂದಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಒಣಭೂಮಿಯ ಒಡೆಯನಿಗೆ ಇದು ಖಚಿತ ಆದಾಯ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಮತ್ತು ಕುರಿ ಮೇಯಿಸುತ್ತಿದ್ದವನಿಗೆ ಯಾವ ಬಾಡಿಗೆಯೂ ಇಲ್ಲ. ಪಂಪಿಗೆ ಸೌರಫಲಕ ಕೊಟ್ಟಾಗ ನೀರೆತ್ತುವುದು ಇನ್ನಷ್ಟು ಅಗ್ಗವಾಗಿ ಅಂತರ್ಜಲ ಬೇಗ ಮುಗಿಯಬಹುದು. ಇದಕ್ಕೆ ಮದ್ದಾಗಿ, ಉಳಿಸಿದ ವಿದ್ಯುತ್ತನ್ನು ರೈತನೇ ಜಾಲಕ್ಕೆ ಮಾರುವ ವ್ಯವಸ್ಥೆಯನ್ನು ಕರ್ನಾಟಕ 2014ರ ಸೂರ್ಯರೈತ ಯೋಜನೆಯಲ್ಲಿ ಕನಕಪುರ ತಾಲ್ಲೂಕಿನಲ್ಲಿ ಪ್ರಯೋಗಿಸಿತು. ವಿದ್ಯುತ್ತಿಗೆ ಬೆಲೆ ಬಂದರೆ ನೀರೆತ್ತುವುದಕ್ಕೂ ಅವಕಾಶ ವೆಚ್ಚ ಬರುತ್ತದೆ ಎಂಬುದು ಅದರ ತರ್ಕ. 2019ರ ಪಿಎಂ-ಕುಸುಮ್ ಮತ್ತು ಮಹಾರಾಷ್ಟ್ರದ ಸೌರ ಕೃಷಿ ವಾಹಿನಿ ಯೋಜನೆಗಳಲ್ಲಿ ಇಡೀ ಫೀಡರಿಗೆ ಸೌರ ವಿದ್ಯುತ್ತು ಕೊಡುವುದಕ್ಕೆ ಒತ್ತು ಹೆಚ್ಚು. ಇದರಿಂದ ರೈತನಿಗೆ ಹಗಲು ಹೊತ್ತಿನ ವಿದ್ಯುತ್ತು ಸಿಗುತ್ತದೆ, ರಾತ್ರಿ ಪಾಳಿ ತಪ್ಪುತ್ತದೆ. ಪಂಪಿಗೆ ಮೀಟರು ಮಾತ್ರ ಬರುವುದಿಲ್ಲ.

ಸಕ್ಕರೆ ವಲಯದಲ್ಲಿ 2018ರ ಜೈವಿಕ ಇಂಧನ ನೀತಿಯ ನಂತರ ಎಥೆನಾಲ್ ಮುಖ್ಯ ವಿಷಯವಾಗಿದೆ. ಕಾಕಂಬಿಯಿಂದಲ್ಲದೆ ಕಬ್ಬಿನ ಹಾಲಿನಿಂದಲೂ ಎಥೆನಾಲ್ ತೆಗೆಯಲು ಅವಕಾಶ ಬಂದು, ಪೆಟ್ರೋಲಿನಲ್ಲಿ ಶೇ. 20 ಬೆರಕೆಯ ಗುರಿಯ ಗಡುವನ್ನು ಮೊದಲಿಗಿಂತ ಮುಂಚಿನ 2025ಕ್ಕೆ ತರಲಾಯಿತು. ಸಕ್ಕರೆಯ ಕೊರತೆಯ ಭಯದಿಂದ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನ ಬಳಕೆಗೆ ನಿರ್ಬಂಧ ಬಿತ್ತು, ಮುಂದಿನ ಹಂಗಾಮಿಗೆ ಸಡಿಲವಾಯಿತು. ಕೃಷ್ಣಾ ಕಣಿವೆಯ ಎಥೆನಾಲನ್ನು ಆಮದು ತೈಲದ ಉಳಿತಾಯದ ಲೆಕ್ಕದಲ್ಲಿ ಅಳೆಯುವುದು ರೂಢಿ. ಏತ ನೀರಾವರಿಯ ವಿದ್ಯುತ್ತು, ಸವಳು-ಜವಳಿನ ನಷ್ಟ ಮತ್ತು ಕೊಯ್ನಾದ ಅವಕಾಶ ವೆಚ್ಚವನ್ನು ಲೀಟರ್ ಎಥೆನಾಲಿನ ಮೇಲೆ ಹಂಚಿ ನೋಡುವುದು ಸಾಂಗ್ಲಿ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಂಶೋಧಕರ ಮುಂದಿರುವ ಕೆಲಸ.